ಬೀಗದ ಕೈ ಸಿಕ್ಕ ಮೇಲಿನ ದಿನಗಳು

ಏಳೆಂಟು ವರ್ಷ ಬೀದಿಯಲ್ಲಿ ಮಲಗಿದವರೊಬ್ಬರಿಗೆ ಕೊನೆಗೂ ಒಂದು ಕೋಣೆ ಸಿಗುತ್ತದೆ. ಮಂಚ, ಹೊಸ ಹೊದಿಕೆ, ಒಲೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು. ಮಾರನೆಯ ದಿನ ಸಂಸ್ಥೆಯ ಕಾರ್ಯಕರ್ತೆ ನೋಡಲು ಬಂದಾಗ ಹೊದಿಕೆ ಮಡಿಚಿಟ್ಟಂತೆಯೇ ಇದೆ. ಅವರು ಮಲಗಿದ್ದು ನೆಲದ ಮೇಲೆ, ಬಾಗಿಲಿಗೆ ಅಡ್ಡಲಾಗಿ, ಚಪ್ಪಲಿ ಹಾಕಿಕೊಂಡೇ, ಚೀಲವನ್ನು ತಲೆದಿಂಬು ಮಾಡಿಕೊಂಡು. ರಾತ್ರಿಯಿಡೀ ದೀಪ ಉರಿದಿದೆ. ಎರಡು ವಾರ ಕಳೆದರೂ ಚೀಲದಿಂದ ಒಂದು ಬಟ್ಟೆಯೂ ಕಪಾಟಿಗೆ ಹೋಗಿಲ್ಲ. ಬಾಗಿಲ ಸಂದಿಯಿಂದ ಒಳಗೆ ಬಿದ್ದ ಲಕೋಟೆಗಳು ಬಿದ್ದಲ್ಲೇ ಇವೆ.

ಇದು ಯಾರೋ ಒಬ್ಬರ ಕತೆಯಲ್ಲ. ಮನೆ ಇಲ್ಲದವರ ಜೊತೆ ಕೆಲಸ ಮಾಡುವವರು ಬೇರೆ ಬೇರೆ ಮುಖಗಳಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರ. ಹೊರಗಿನಿಂದ ನೋಡಿದವರು ‘ಮನೆ ಕೊಟ್ಟರೂ ಇರಲು ಬರುವುದಿಲ್ಲ’ ಎಂದುಬಿಡುತ್ತಾರೆ. ಆ ಮಾತು ಅರ್ಧ ನಿಜ, ಅದಕ್ಕೇ ಹೆಚ್ಚು ಅಪಾಯಕಾರಿ. ಬೀದಿಯಿಂದ ಮನೆಗೆ ಬರುವುದು ವಿಳಾಸ ಬದಲಾದಷ್ಟು ಸುಲಭವಲ್ಲ ಎನ್ನುವುದು ನಿಜ. ಆದರೆ ಮನೆಯಲ್ಲಿರುವುದನ್ನು ಕಲಿಯಲು ಮನೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎನ್ನುವುದನ್ನು ಆ ಮಾತು ಮುಚ್ಚಿಡುತ್ತದೆ. ‘ಜೀವನ ಕೌಶಲ ಬೆಂಬಲ’ ಎಂಬ ಹೆಸರಿನಲ್ಲಿ ನಡೆಯುವ ಕಾರ್ಯಕ್ರಮಗಳು ಹುಟ್ಟಿದ್ದು ಈ ತೊಡಕಿನಿಂದಲೇ. ಅವು ಏನು ಕಲಿಸುತ್ತವೆ, ಹೇಗೆ, ಎಲ್ಲಿ ಗೆಲ್ಲುತ್ತವೆ, ಎಲ್ಲಿ ಸೋಲುತ್ತವೆ ಎನ್ನುವುದನ್ನು ಬಿಡಿಸಿ ನೋಡೋಣ.

ಮೊದಲು, ಮನೆ ಇಲ್ಲದವರು ಎಂದರೆ ಪಾದಚಾರಿ ಮಾರ್ಗದಲ್ಲಿ ಮಲಗಿದವರು ಮಾತ್ರ ಎಂದುಕೊಳ್ಳುವುದು ಬೇಡ. ಯುರೋಪಿನಲ್ಲಿ ಈ ಕ್ಷೇತ್ರದ ಸಂಸ್ಥೆಗಳ ಒಕ್ಕೂಟವಾದ ಫಿಯಾಂಟ್ಸಾ 2005ರಲ್ಲಿ ‘ಈಥೋಸ್’ ಎಂಬ ವರ್ಗೀಕರಣವನ್ನು ಹೊರತಂದಿತು. ಸೂರೇ ಇಲ್ಲದವರು, ಶೆಲ್ಟರಿನಂಥ ತಾತ್ಕಾಲಿಕ ಸೂರಿನಡಿ ಇರುವವರು, ಯಾವಾಗ ಬೇಕಾದರೂ ಹೊರಬೀಳಬಹುದಾದ ಅಭದ್ರ ಜಾಗದಲ್ಲಿ ಇರುವವರು, ವಾಸಕ್ಕೆ ಯೋಗ್ಯವಲ್ಲದ ಕಡೆ ಬದುಕುತ್ತಿರುವವರು ಎಂಬ ನಾಲ್ಕು ಗುಂಪುಗಳು ಅದರಲ್ಲಿವೆ. ಪರಿಚಯದವರ ಮನೆಯ ಹಜಾರದಲ್ಲಿ ಇವತ್ತೊಂದು ರಾತ್ರಿ, ನಾಳೆ ಇನ್ನೊಂದು ಕಡೆ ಎಂದು ಕಳೆಯುವವರೂ ಇದರೊಳಗೆ ಬರುತ್ತಾರೆ. ಕಷ್ಟದ ಬಗೆ ಬೇರೆಯಾದರೆ ಬೇಕಾದ ನೆರವೂ ಬೇರೆ.

ಕೌಶಲ ಎಂದರೆ ಯಾವುದು?

ಈ ಕ್ಷೇತ್ರದ ಭಾಷೆ ಬಹುಪಾಲು ಆಸ್ಪತ್ರೆಗಳಿಂದ ಬಂದದ್ದು. 1963ರಲ್ಲಿ ಸಿಡ್ನಿ ಕಾಟ್ಜ್ ಎಂಬ ವೈದ್ಯರು ಮತ್ತು ಸಂಗಡಿಗರು ವಯಸ್ಸಾದ ರೋಗಿಗಳಿಗೆ ಎಷ್ಟು ಸಹಾಯ ಬೇಕು ಎಂದು ಅಳೆಯಲು ಒಂದು ಪಟ್ಟಿ ಮಾಡಿದರು. ಸ್ನಾನ, ಬಟ್ಟೆ ತೊಡುವುದು, ಶೌಚ, ಎದ್ದು ಕೂರುವುದು, ಮಲಮೂತ್ರದ ಹಿಡಿತ, ಊಟ ಮಾಡುವುದು. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಎಂಬ ಸಂಶೋಧಕರು ಇನ್ನೊಂದು ಹಂತದ ಪಟ್ಟಿ ಕೊಟ್ಟರು. ಫೋನ್ ಬಳಕೆ, ಅಂಗಡಿಯಿಂದ ಸಾಮಾನು ತರುವುದು, ಅಡುಗೆ, ಮನೆ ಚೊಕ್ಕಟ, ಬಟ್ಟೆ ಒಗೆಯುವುದು, ಓಡಾಟ, ತಮ್ಮ ಔಷಧಿ ತಾವೇ ತೆಗೆದುಕೊಳ್ಳುವುದು, ಹಣಕಾಸು. ಇವತ್ತಿಗೂ ಜೀವನ ಕೌಶಲದ ಪಾಠಪಟ್ಟಿ ತೆರೆದರೆ ಹೆಚ್ಚುಕಡಿಮೆ ಈ ಎಂಟು ಬಾಬತ್ತುಗಳೇ ಕಾಣುತ್ತವೆ.

ಪಟ್ಟಿ ತಪ್ಪಲ್ಲ, ಆದರೆ ಅದು ಅಳೆಯುವುದು ಏನಿಲ್ಲ ಎಂಬುದನ್ನು. ಏನಿದೆ ಎಂಬುದನ್ನು ಅದು ಕೇಳುವುದೇ ಇಲ್ಲ. ಬೀದಿಯಲ್ಲಿ ವರ್ಷಗಟ್ಟಲೆ ಉಳಿದುಕೊಂಡವರಿಗೆ ಏನೇನು ಗೊತ್ತಿರುತ್ತದೆ ಎಂದು ಸ್ವಲ್ಪ ಯೋಚಿಸಿ. ಯಾವ ಗಂಟೆಗೆ ಎಲ್ಲಿ ಊಟ ಹಂಚುತ್ತಾರೆ, ಅಲ್ಲಿಂದ ಮುಂದಿನ ಸಾಲಿಗೆ ಎಷ್ಟು ಹೊತ್ತಿನ ನಡಿಗೆ, ಫೋನ್ ಚಾರ್ಜ್ ಮಾಡಲು ಯಾರು ಬಿಡುತ್ತಾರೆ, ಯಾವ ಕಾವಲುಗಾರ ಎಬ್ಬಿಸುವುದಿಲ್ಲ, ಮಳೆ ಯಾವ ಕಡೆಯಿಂದ ಎರಚುತ್ತದೆ. ಚೀಲದ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡು ಮಲಗಬೇಕು, ಹತ್ತಿರ ಬರುತ್ತಿರುವವನ ನಡಿಗೆಯಿಂದಲೇ ಅವನು ಕುಡಿದಿದ್ದಾನೋ ಸಿಟ್ಟಿನಲ್ಲಿದ್ದಾನೋ ತಿಳಿಯಬೇಕು. ಇವೆಲ್ಲ ಯೋಜನೆ, ನೆನಪು, ಲೆಕ್ಕಾಚಾರ, ಮನುಷ್ಯರನ್ನು ಓದುವ ಜಾಣ್ಮೆ. ಇಷ್ಟು ಬಲ್ಲವರನ್ನು ಕೂರಿಸಿ ‘ಸಮಯ ನಿರ್ವಹಣೆ’ಯ ಮೊದಲ ಪಾಠ ಹೇಳಿದರೆ ಅವರು ಎರಡನೆಯ ದಿನ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ.

ತೊಂದರೆ ಇರುವುದು ಇನ್ನೊಂದು ಕಡೆ, ಬೀದಿಯ ಕಾಲಕ್ಕೂ ಮನೆಯ ಕಾಲಕ್ಕೂ ಇರುವ ವ್ಯತ್ಯಾಸದಲ್ಲಿ. ಬೀದಿಯಲ್ಲಿ ಕಾಲವನ್ನು ಗಂಟೆಗಳಲ್ಲಿ ಎಣಿಸಬೇಕು: ಮುಂದಿನ ಊಟ, ಮುಂದಿನ ನಿದ್ದೆ, ಮುಂದಿನ ಅಪಾಯ. ಬಾಡಿಗೆ ಮನೆಯಲ್ಲಿ ಕಾಲ ತಿಂಗಳುಗಳಲ್ಲಿ ಓಡುತ್ತದೆ. ಬಾಡಿಗೆಯ ದಿನ, ಬಿಲ್ಲಿನ ದಿನ, ಕರಾರು ಮುಗಿಯುವ ದಿನ. ಕೈಯಲ್ಲಿದ್ದ ಹಣವನ್ನು ಅಂದೇ ಖರ್ಚು ಮಾಡುವುದು ಬೀದಿಯಲ್ಲಿ ವಿವೇಕ, ಏಕೆಂದರೆ ಉಳಿಸಿಟ್ಟದ್ದು ರಾತ್ರಿ ಕಳುವಾಗುತ್ತದೆ. ಸಿಕ್ಕಿದ್ದನ್ನು ಅಲ್ಲೇ ತಿಂದು ಮುಗಿಸುವುದು ವಿವೇಕ, ಇಡಲು ಜಾಗವಿಲ್ಲ. ಅದೇ ನಡವಳಿಕೆ ಮನೆಗೆ ಬಂದ ಕೂಡಲೇ ‘ಬೇಜವಾಬ್ದಾರಿ’ ಎನಿಸಿಕೊಳ್ಳುತ್ತದೆ. ಒಳ್ಳೆಯ ಬೆಂಬಲ ಎಂದರೆ ಬಹುತೇಕ ಈ ಒಂದು ಕಾಲಮಾನದಿಂದ ಇನ್ನೊಂದಕ್ಕೆ ದಾಟುವಾಗ ಕೈಹಿಡಿಯುವ ಕೆಲಸ. ಗೊತ್ತಿಲ್ಲದವರಿಗೆ ಗೊತ್ತುಮಾಡಿಸುವ ಕೆಲಸ ಎಂದುಕೊಂಡು ಹೊರಟರೆ ಮೊದಲ ಹೆಜ್ಜೆಯೇ ಎಡವುತ್ತದೆ.

ದಣಿದ ತಲೆ

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನ ಯಾವುದೂ ಅರ್ಥವಾಗುವುದಿಲ್ಲ. ಅಭಾವ ಮನಸ್ಸಿನ ಜಾಗವನ್ನೇ ತಿನ್ನುತ್ತದೆ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನಕ್ಕಾಗಿ ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮೊದಲು, ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಾಗಿ ಹಣ ಬಂದ ಮೇಲೆ ಇನ್ನೊಮ್ಮೆ ತರ್ಕ ಮತ್ತು ಗಮನದ ಪರೀಕ್ಷೆ ಮಾಡಲಾಯಿತು. ಅದೇ ರೈತರು, ಅದೇ ತಲೆ; ಹಣವಿಲ್ಲದ ದಿನಗಳಲ್ಲಿ ಫಲಿತಾಂಶ ಸ್ಪಷ್ಟವಾಗಿ ಕೆಳಗಿತ್ತು. ಅವರು ಮನೆ ಮಠ ಇದ್ದವರು. ನಿದ್ದೆಯೂ ಇಲ್ಲದ, ನಾಳೆಯೂ ಗೊತ್ತಿಲ್ಲದ ಸ್ಥಿತಿಯಲ್ಲಿ ಏನಾಗಬಹುದು ಎಂದು ಊಹಿಸುವುದು ಕಷ್ಟವಲ್ಲ.

ಅದರ ಮೇಲೆ ಮಿದುಳಿನ ಪೆಟ್ಟು. 2020ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆ ಪ್ರಕಟಿಸಿದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ ಮನೆ ಇಲ್ಲದವರು ಮತ್ತು ಅಭದ್ರ ವಸತಿಯಲ್ಲಿರುವವರ ಪೈಕಿ ಸುಮಾರು ಶೇ. 53 ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳಿಗೆ ಗಾಯವಾಗಿದೆ. ಇಂಥ ಗಾಯದ ಕುರುಹು ಹೊರಗೆ ಕಾಣದು. ಭೇಟಿಯ ದಿನ ಮರೆಯುವುದು, ಒಂದು ಕೆಲಸ ಶುರು ಮಾಡಿ ನಡುವೆ ಬಿಟ್ಟುಬಿಡುವುದು, ಸಣ್ಣ ಮಾತಿಗೆ ಸಿಡಿಯುವುದು, ಹೀಗೆ ಕಾಣಿಸಿಕೊಳ್ಳುತ್ತದೆ. ಮೂರು ಸಲ ಭೇಟಿ ತಪ್ಪಿಸಿದರೆ ಹೆಸರು ತೆಗೆದುಹಾಕುವ ನಿಯಮ ಇಟ್ಟುಕೊಂಡ ಕಾರ್ಯಕ್ರಮ, ಯಾರಿಗೆ ಅತಿ ಹೆಚ್ಚು ನೆರವು ಬೇಕೋ ಅವರನ್ನೇ ಮೊದಲು ಹೊರಹಾಕುತ್ತದೆ.

ಹಾಗಾಗಿ ಅನುಭವಸ್ಥರು ಕೆಲವು ಸರಳ ಅಭ್ಯಾಸ ಇಟ್ಟುಕೊಂಡಿರುತ್ತಾರೆ. ಒಂದು ಸಲಕ್ಕೆ ಒಂದೇ ವಿಷಯ. ಹೇಳಿದ್ದನ್ನು ಬರೆದು ಅಥವಾ ಚಿತ್ರ ಬಿಡಿಸಿ ಗೋಡೆಗೆ ಅಂಟಿಸುವುದು. ಭೇಟಿಯ ಹಿಂದಿನ ದಿನವೂ ಅಂದು ಬೆಳಿಗ್ಗೆಯೂ ನೆನಪಿಸುವುದು. ಫೋನಿನ ಅಲಾರಂ ಅನ್ನು ಜೊತೆಗೆ ಕೂತು ಇಡುವುದು. ‘ಅರ್ಥವಾಯಿತಾ?’ ಎಂದು ಕೇಳಿದರೆ ಯಾರಾದರೂ ಹೌದು ಎನ್ನುತ್ತಾರೆ. ‘ನಾಳೆ ಇದನ್ನು ಹೇಗೆ ಮಾಡುತ್ತೀರಿ, ಒಮ್ಮೆ ತೋರಿಸಿ’ ಎಂದರೆ ಎಲ್ಲಿ ತೊಡಕಿದೆ ಎನ್ನುವುದು ಇಬ್ಬರಿಗೂ ಕಾಣುತ್ತದೆ.

ಲಕೋಟೆಗಳ ರಾಶಿ

ಕಲಿಸುವ ಬಗೆಯನ್ನು ಹತ್ತಿರದಿಂದ ನೋಡಲು ಮತ್ತೆ ಆ ಕೋಣೆಗೆ ಹೋಗೋಣ. ಬಾಗಿಲ ಬಳಿ ಒಡೆಯದ ಲಕೋಟೆಗಳ ರಾಶಿ ಇತ್ತಲ್ಲ. ಓದಲು ಬಾರದ್ದರಿಂದ ಬಿದ್ದಿವೆ ಎಂದುಕೊಳ್ಳಬಹುದು. ಕೆಲವರ ವಿಷಯದಲ್ಲಿ ಅದು ನಿಜವೂ ಹೌದು, ಅದನ್ನು ಮುಜುಗರವಾಗದಂತೆ ತಿಳಿದುಕೊಳ್ಳಬೇಕು. ಆದರೆ ಹಲವರಿಗೆ ಅಧಿಕೃತ ಲಕೋಟೆ ಎಂದರೆ ಕೆಟ್ಟ ಸುದ್ದಿ ಎಂದೇ ಅನುಭವ. ಸಾಲದ ನೋಟಿಸು, ಕೋರ್ಟಿನ ಕರೆ, ಮನೆ ಖಾಲಿ ಮಾಡಿಸಿದ ಆದೇಶ. ಕಳೆದ ಸಲ ಮನೆ ಹೋದದ್ದು ಅಂಥದೇ ಒಂದು ಕಾಗದದಿಂದ.

ಅವಸರದ ಕಾರ್ಯಕರ್ತ ತಾನೇ ಎಲ್ಲ ಒಡೆದು, ಬೇಕಾದ ಫೋನ್ ಮಾಡಿ, ಅರ್ಧ ಗಂಟೆಯಲ್ಲಿ ಮುಗಿಸಿ ಹೋಗುತ್ತಾನೆ. ಕೆಲಸ ಆಯಿತು, ಕಲಿಕೆ ಆಗಲಿಲ್ಲ. ಬಲ್ಲವರು ನೆಲದ ಮೇಲೆ ಪಕ್ಕದಲ್ಲಿ ಕೂರುತ್ತಾರೆ. ಮೊದಲ ದಿನ ಒಡೆಯುವ ಮಾತೇ ಇಲ್ಲ. ಲಕೋಟೆಯ ಮೇಲಿನ ಗುರುತು ನೋಡಿ ಮೂರು ಗುಡ್ಡೆ ಮಾಡುವುದಷ್ಟೇ: ಜಾಹೀರಾತು, ಬಿಲ್ಲು, ಗೊತ್ತಿಲ್ಲದ್ದು. ಜಾಹೀರಾತಿನ ಗುಡ್ಡೆ ಹರಿದು ಬುಟ್ಟಿಗೆ ಹಾಕಿದಾಗ ರಾಶಿ ಅರ್ಧಕ್ಕಿಳಿಯುತ್ತದೆ, ಉಸಿರು ಹಗುರಾಗುತ್ತದೆ. ಮುಂದಿನ ಭೇಟಿಯಲ್ಲಿ ಒಂದೇ ಒಂದು ಬಿಲ್ಲು. ಅದರಲ್ಲಿ ನೋಡಬೇಕಾದದ್ದು ಎರಡೇ, ಎಷ್ಟು ಮತ್ತು ಯಾವ ದಿನದೊಳಗೆ. ಆ ಎರಡಕ್ಕೆ ಪೆನ್ನಿನಿಂದ ಸುತ್ತು ಹಾಕುವುದು. ಕಟ್ಟುವ ಕೊನೆಯ ಹೆಜ್ಜೆ, ಅಂದರೆ ಹಣ ಒಪ್ಪಿಸಿ ರಸೀದಿ ಪಡೆಯುವುದು, ಅವರ ಕೈಯಿಂದಲೇ ಆಗಬೇಕು. ಮುಂದಿನ ತಿಂಗಳು ಕೊನೆಯ ಎರಡು ಹೆಜ್ಜೆ ಅವರದು. ಅದರ ಮುಂದಿನ ತಿಂಗಳು ಮೂರು.

ಹೀಗೆ ಹಿಂದಿನಿಂದ ಮುಂದಕ್ಕೆ ಬಿಟ್ಟುಕೊಡುತ್ತಾ ಬರುವ ಕ್ರಮ, ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಆಕ್ಯುಪೇಷನಲ್ ಥೆರಪಿ ಎಂಬ ಚಿಕಿತ್ಸೆಯಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು, ಮೊದಲಿನವನ್ನು ಜೊತೆಗಾರ ಮಾಡಿ, ಕೊನೆಯದನ್ನು ಕಲಿಯುವವರಿಗೆ ಉಳಿಸುತ್ತಾರೆ. ಪ್ರತಿ ಸಲವೂ ಮುಗಿಸಿದ ಖುಷಿ ಅವರ ಪಾಲಿಗೆ ಬರುತ್ತದೆ. ಯಾವುದನ್ನೂ ಪೂರ್ತಿ ಮಾಡಿ ಮುಗಿಸಲು ಬಿಡದ ವರ್ಷಗಳಿಂದ ಬಂದವರಿಗೆ ಆ ಖುಷಿ ಸಣ್ಣದಲ್ಲ.

ಕಲಿಯುವ ಜಾಗವೂ ಅಷ್ಟೇ ಮುಖ್ಯ. ತರಬೇತಿ ಕೇಂದ್ರದ ಒಲೆಯ ಮೇಲೆ ಚೆನ್ನಾಗಿ ಅಡುಗೆ ಮಾಡಿದವರು ತಮ್ಮ ಕೋಣೆಯ ಒಲೆಯ ಮುಂದೆ ತಡವರಿಸುತ್ತಾರೆ, ಏಕೆಂದರೆ ಗುಂಡಿ ಬೇರೆ, ಪಾತ್ರೆ ಬೇರೆ, ಪಕ್ಕದಲ್ಲಿ ಯಾರೂ ಇಲ್ಲ. ಒಂದು ಸಂದರ್ಭದಲ್ಲಿ ಕಲಿತದ್ದು ಇನ್ನೊಂದಕ್ಕೆ ತಾನಾಗಿ ದಾಟುವುದಿಲ್ಲ ಎನ್ನುವುದು ಮಾನಸಿಕ ಆರೋಗ್ಯ ಕ್ಷೇತ್ರದವರು ಚೆನ್ನಾಗಿ ಕಂಡುಕೊಂಡ ಮಾತು. ಅದಕ್ಕೇ ಒಳ್ಳೆಯ ಕಾರ್ಯಕ್ರಮಗಳ ಬಹುಪಾಲು ಕೆಲಸ ಅವರ ಮನೆಯಲ್ಲೇ, ಅವರು ಹೋಗುವ ಅಂಗಡಿಯಲ್ಲೇ, ಅವರು ಹತ್ತಬೇಕಾದ ಬಸ್ಸಿನಲ್ಲೇ ನಡೆಯುತ್ತದೆ. ತರಗತಿಗಳು ಬೇಡವೇ ಬೇಡ ಎಂದಲ್ಲ. ಅಲ್ಲಿ ಸಿಗುವ ಚಹಾ, ಹರಟೆ, ‘ನನಗೂ ಹೀಗೇ ಆಗಿತ್ತು’ ಎನ್ನುವ ಇನ್ನೊಬ್ಬರ ಮಾತು ಪಾಠಕ್ಕಿಂತ ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತವೆ.

ಹಣದ ಪಾಠ, ಮತ್ತು ಅದರ ಮಿತಿ

ಹಣಕಾಸಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಾಖಂಡಿತ. ಮೊದಲ ಆರು ತಿಂಗಳು ಉಳಿತಾಯದ ಉಪದೇಶ ಬೇಡ. ಬೇಕಾದದ್ದು ಒಂದೇ, ಬಾಡಿಗೆ ತಪ್ಪದಿರುವುದು. ಹಣ ಕೈಗೆ ಬರುವ ದಿನವೇ ಬಾಡಿಗೆ ಹೋಗುವಂತೆ ದಿನಾಂಕ ಹೊಂದಿಸುವುದು, ಸಾಧ್ಯವಾದ ಕಡೆ ಖಾತೆಯಿಂದ ನೇರವಾಗಿ ಸಂದಾಯವಾಗುವ ವ್ಯವಸ್ಥೆ ಮಾಡುವುದು, ಉಳಿದದ್ದನ್ನು ನಾಲ್ಕು ವಾರಗಳಿಗೆ ನಾಲ್ಕು ಲಕೋಟೆಗಳಲ್ಲಿ ಹಾಕಿಡುವುದು. ಮೂರನೆಯ ವಾರದ ಲಕೋಟೆ ಎರಡನೆಯ ವಾರವೇ ಒಡೆದರೆ ಅದು ಅಪರಾಧವಲ್ಲ, ಮುಂದಿನ ತಿಂಗಳ ಲೆಕ್ಕಕ್ಕೆ ಮಾಹಿತಿ. ಇದರ ಜೊತೆಗೆ ತಪ್ಪದೆ ಹೇಳಿಕೊಡಬೇಕಾದ ಇನ್ನೊಂದು ಮಾತಿದೆ: ಬಾಡಿಗೆ ತಡವಾಗುತ್ತದೆ ಎಂದು ಗೊತ್ತಾದ ದಿನವೇ ಮಾಲೀಕರಿಗೆ ಫೋನ್ ಮಾಡುವುದು. ತಲೆ ಮರೆಸಿಕೊಳ್ಳುವುದು ಬೀದಿಯಲ್ಲಿ ಕಾಪಾಡುವ ಅಭ್ಯಾಸ, ಇಲ್ಲಿ ಮನೆ ಕಳೆಯುವ ಅಭ್ಯಾಸ. ಮೊದಲ ನೋಟಿಸು ಬಂದ ಕೂಡಲೇ ಎಲ್ಲ ಮುಗಿಯಿತು ಎಂದು ಚೀಲ ಹೆಗಲಿಗೇರಿಸಿ ಹೊರಟುಬಿಡುವವರಿದ್ದಾರೆ. ನೋಟಿಸಿಗೂ ಹೊರಹಾಕುವಿಕೆಗೂ ನಡುವೆ ಎಷ್ಟು ಹಂತಗಳಿವೆ, ಯಾವ ಹಂತದಲ್ಲಿ ಯಾರು ನೆರವಾಗಬಹುದು ಎಂದು ಮೊದಲೇ ಕಾಗದದ ಮೇಲೆ ಬರೆದುಕೊಟ್ಟಿದ್ದರೆ ಎಷ್ಟೋ ಮನೆಗಳು ಉಳಿಯುತ್ತವೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಹಾಸಿಗೆಯೇ ಕಾಲಿಗಿಂತ ಮೊಳ ಚಿಕ್ಕದಾದರೆ ಎಷ್ಟು ಮುದುಡಿದರೂ ಕಾಲು ಹೊರಗೇ. ಬಾಡಿಗೆ ಕೊಟ್ಟ ಮೇಲೆ ಹೊಟ್ಟೆಗೆ ಉಳಿಯದಿದ್ದರೆ ಅದು ಲೆಕ್ಕ ಬಾರದ್ದರಿಂದ ಆದ ಕಷ್ಟವಲ್ಲ. ಕೈಗೆಟಕುವ ಬಾಡಿಗೆಯ ಮನೆಗಳಿಲ್ಲದ ಊರಿನಲ್ಲಿ ಜೀವನ ಕೌಶಲದ ತರಗತಿಗಳನ್ನು ಹೆಚ್ಚಿಸುತ್ತಾ ಹೋಗುವುದು ಎಂದರೆ ಇಲ್ಲದ ಮನೆಯ ತಪ್ಪನ್ನು ಮನೆ ಇಲ್ಲದವರ ತಲೆಗೆ ಕಟ್ಟಿದಂತೆ. ಈ ಕಾರ್ಯಕ್ರಮಗಳನ್ನು ನಡೆಸುವವರು, ಅವಕ್ಕೆ ಹಣ ಕೊಡುವವರು ಇಬ್ಬರೂ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಬಾಗಿಲು ತಟ್ಟಿದಾಗ

ಪಾಠಪಟ್ಟಿಗಳಲ್ಲಿ ಅಪರೂಪಕ್ಕೆ ಕಾಣುವ, ಆದರೆ ಮನೆ ಉಳಿಯುವುದನ್ನು ನಿರ್ಧರಿಸುವ ಒಂದು ಕೌಶಲ ಇದೆ. ಬಂದವರಿಗೆ ‘ಇಲ್ಲ’ ಎನ್ನುವುದು.

ಕೋಣೆ ಸಿಕ್ಕ ಸುದ್ದಿ ಬೀದಿಯಲ್ಲಿ ಬೇಗ ಹರಡುತ್ತದೆ. ಮೊದಲ ವಾರವೇ ಬಾಗಿಲು ತಟ್ಟುತ್ತದೆ. ಬಂದವನು ಗೊತ್ತಿಲ್ಲದವನಲ್ಲ, ಜ್ವರ ಬಂದಾಗ ಮಗ್ಗುಲಲ್ಲಿ ಕೂತವನು, ಜಗಳದಲ್ಲಿ ಅಡ್ಡ ನಿಂತವನು, ಕೊನೆಯ ತುತ್ತು ಹಂಚಿಕೊಂಡವನು. ‘ಇವತ್ತೊಂದು ರಾತ್ರಿ ಕಣೋ’ ಎನ್ನುತ್ತಾನೆ. ಅವನಿಗೆ ಹೇಗೆ ಇಲ್ಲ ಎನ್ನುವುದು? ಒಂದು ರಾತ್ರಿ ನಾಲ್ಕಾಗುತ್ತದೆ, ಒಬ್ಬ ಮೂವರಾಗುತ್ತಾರೆ, ಗದ್ದಲಕ್ಕೆ ಅಕ್ಕಪಕ್ಕದವರು ದೂರುತ್ತಾರೆ, ಕರಾರು ಮುರಿಯುತ್ತದೆ. ಕೆಲವು ಸಲ ಸ್ನೇಹದ ಹೆಸರಿನಲ್ಲಿ ಬಂದವರು ಇಡೀ ಮನೆಯನ್ನೇ ವಶಮಾಡಿಕೊಂಡು ಮಾದಕ ವಸ್ತುವಿನ ವ್ಯವಹಾರಕ್ಕೆ ಬಳಸುವುದೂ ಉಂಟು. ಮನೆಯವರೇ ಹೆದರಿ ಮತ್ತೆ ಬೀದಿಗಿಳಿಯುತ್ತಾರೆ.

‘ಹಳೆಯ ಸಹವಾಸ ಬಿಟ್ಟುಬಿಡಿ’ ಎಂದು ಬುದ್ಧಿ ಹೇಳುವುದು ಇದಕ್ಕೆ ಪರಿಹಾರವಲ್ಲ. ಆ ಸಹವಾಸವೇ ಅವರನ್ನು ಇಷ್ಟು ದಿನ ಜೀವಂತವಾಗಿ ಇಟ್ಟದ್ದು. ನುರಿತ ಕಾರ್ಯಕರ್ತರು ಬಾಗಿಲ ಬಳಿ ನಿಂತು ನಾಟಕವಾಡಿಸುತ್ತಾರೆ. ಕಾರ್ಯಕರ್ತೆ ಹೊರಗೆ ನಿಂತು ಬಾಗಿಲು ಬಡಿಯುತ್ತಾಳೆ, ಅಂಗಲಾಚುತ್ತಾಳೆ, ಹಳೆಯ ಋಣ ನೆನಪಿಸುತ್ತಾಳೆ, ಬೈಯುತ್ತಾಳೆ. ಒಳಗಿನವರು ಬಾಗಿಲಿನ ಸರಪಳಿ ತೆಗೆಯದೆಯೇ ಮಾತಾಡುವುದನ್ನು ಅಭ್ಯಾಸ ಮಾಡುತ್ತಾರೆ. ಮೊದಲ ಸಲ ಬಾಯಿ ಬರುವುದಿಲ್ಲ. ಎರಡನೆಯ ಸಲ ನಗು ಬರುತ್ತದೆ. ಏಳನೆಯ ಸಲಕ್ಕೆ ಒಂದು ವಾಕ್ಯ ನಾಲಿಗೆಯ ಮೇಲೆ ಕೂರುತ್ತದೆ: ‘ಸಂಸ್ಥೆಯವರು ಬಂದು ನೋಡ್ತಾರೆ, ನನ್ನ ಮನೆ ಹೋಗುತ್ತೆ. ನಾಳೆ ಹೊರಗೆ ಸಿಗೋಣ, ಚಹಾ ಕುಡಿಯೋಣ.’ ತಪ್ಪನ್ನು ಸಂಸ್ಥೆಯ ಮೇಲೆ ಹೊರಿಸಲು ಬಿಡುವುದು ಇಲ್ಲಿನ ಗುಟ್ಟು. ಸ್ನೇಹವೂ ಉಳಿಯುತ್ತದೆ, ಬಾಗಿಲೂ ಉಳಿಯುತ್ತದೆ. ಈ ಅರ್ಧ ಗಂಟೆಯ ಅಭ್ಯಾಸ ಎಷ್ಟೋ ಕೈಪಿಡಿಗಳಿಗಿಂತ ಹೆಚ್ಚಿನದು ಎಂದು ನಾನು ನಂಬುತ್ತೇನೆ.

ಬಾಗಿಲು ಹಾಕಿಕೊಂಡ ಮೇಲೆ ಇನ್ನೊಂದು ಸಂಕಟ ಶುರುವಾಗುತ್ತದೆ, ಒಂಟಿತನ. ಬೀದಿಯಲ್ಲಿ ದಿನವಿಡೀ ಕೈತುಂಬ ಕೆಲಸ. ಊಟ, ನೀರು, ಜಾಗ ಹುಡುಕುವುದರಲ್ಲೇ ಸಂಜೆಯಾಗುತ್ತಿತ್ತು. ಕೋಣೆಯಲ್ಲಿ ಆ ಹುಡುಕಾಟ ಇಲ್ಲ, ಮಧ್ಯಾಹ್ನ ಉದ್ದವಾಗುತ್ತದೆ, ಗೋಡೆಗಳು ಮಾತಾಡುವುದಿಲ್ಲ. ಹಳೆಯ ನೆನಪುಗಳು ಮೇಲೇಳುವುದು ಇಂಥ ನಿಶ್ಶಬ್ದದಲ್ಲಿ. ಕೆಲವರು ಹಗಲು ಪೂರ್ತಿ ಹಳೆಯ ಜಾಗಕ್ಕೇ ಹೋಗಿ ಕೂತು ರಾತ್ರಿ ಮಲಗಲು ಮಾತ್ರ ಬರುತ್ತಾರೆ. ಅದನ್ನು ಸೋಲು ಎಂದು ಬರೆದುಕೊಳ್ಳಬಾರದು, ಸೇತುವೆಯ ಎರಡೂ ಕಡೆ ಕಾಲಿಟ್ಟು ದಾಟುತ್ತಿದ್ದಾರೆ ಅಷ್ಟೇ. ವಾರಕ್ಕೆರಡು ದಿನದ ಗಿಡ ನೆಡುವ ಕೆಲಸವೋ, ಅಡುಗೆಮನೆಯಲ್ಲಿ ಕೈಜೋಡಿಸುವುದೋ, ಹಾಡುವ ಗುಂಪೋ, ಸಂಬಳದ ಉದ್ಯೋಗವೋ, ಒಟ್ಟಿನಲ್ಲಿ ‘ನನ್ನನ್ನು ಯಾರೋ ಕಾಯುತ್ತಿದ್ದಾರೆ’ ಎನ್ನುವ ಒಂದು ಜಾಗ ಬೇಕು. ಈ ದಾರಿಯನ್ನು ಸ್ವತಃ ನಡೆದು ಬಂದವರನ್ನು ಜೊತೆಗಾರರಾಗಿ ನೇಮಿಸಿಕೊಳ್ಳುವ ಪದ್ಧತಿ ಇತ್ತೀಚೆಗೆ ಹೆಚ್ಚುತ್ತಿರುವುದಕ್ಕೂ ಇದೇ ಕಾರಣ. ಮಂಚದ ಮೇಲೆ ಯಾಕೆ ನಿದ್ದೆ ಬರುವುದಿಲ್ಲ ಎನ್ನುವುದನ್ನು ಅವರಿಗೆ ವಿವರಿಸಬೇಕಾಗಿಲ್ಲ.

ಎಲ್ಲರಿಗೂ ಒಂದೇ ಪಾಠ ಹೊಂದದು ಎನ್ನುವುದಕ್ಕೆ ಎರಡು ಉದಾಹರಣೆ ಸಾಕು. ಇಪ್ಪತ್ತು ವರ್ಷ ಸಂಸಾರ ನಡೆಸಿ, ಗಂಡನ ಹೊಡೆತ ತಾಳಲಾರದೆ ಮಕ್ಕಳೊಂದಿಗೆ ಹೊರಬಂದ ಹೆಂಗಸಿಗೆ ಅಡುಗೆ, ಮನೆ ಚೊಕ್ಕಟದ ತರಗತಿ ಅವಮಾನ. ಅವಳಿಗೆ ಬೇಕಾದದ್ದು ಅವಳ ಹೆಸರಿನ ಬ್ಯಾಂಕ್ ಖಾತೆ, ಗುರುತಿನ ದಾಖಲೆಗಳು, ಗಂಡನಿಗೆ ವಿಳಾಸ ತಿಳಿಯದಂತೆ ಫೋನ್ ಬಳಸುವ ತಿಳಿವಳಿಕೆ. ಅನಾಥಾಲಯದಂಥ ಸಂಸ್ಥೆಯಿಂದ ಹದಿನೆಂಟು ತುಂಬಿದ ಕೂಡಲೇ ಹೊರಬಿದ್ದ ಹುಡುಗನ ಕತೆಯೇ ಬೇರೆ. ಗಂಟೆ ಹೊಡೆದಾಗ ಊಟ, ಗಂಟೆ ಹೊಡೆದಾಗ ನಿದ್ದೆ ಎಂದು ಬೆಳೆದವನು ಅವನು. ಇಂದು ಏನು ತಿನ್ನಬೇಕು ಎಂದು ತಾನೇ ನಿರ್ಧರಿಸುವುದು ಅವನಿಗೆ ಹೊಸದು. ಅವನಿಗೆ ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶ ಬೇಕು, ಮನೆಯವರಿರುವ ಹುಡುಗರಿಗೆ ಸಹಜವಾಗಿ ಸಿಗುವಂಥದ್ದು.

ಮೆಟ್ಟಿಲೋ, ಮನೆಯೋ

ಈ ಕ್ಷೇತ್ರದ ದೊಡ್ಡ ವಾದ ಇರುವುದು ಅನುಕ್ರಮದ ಬಗ್ಗೆ. ಬಹಳ ಕಾಲ ನಡೆದದ್ದು ಮೆಟ್ಟಿಲು ಪದ್ಧತಿ. ಮೊದಲು ಶೆಲ್ಟರ್, ಅಲ್ಲಿ ಕುಡಿತ ಬಿಟ್ಟು ಶಿಸ್ತು ತೋರಿಸಿದರೆ ತಾತ್ಕಾಲಿಕ ವಸತಿ, ಅಲ್ಲಿ ಕೌಶಲಗಳನ್ನು ಕಲಿತು ‘ಮನೆಗೆ ಸಿದ್ಧ’ ಎನಿಸಿಕೊಂಡರೆ ಕೊನೆಗೆ ಸ್ವಂತ ಕೋಣೆ. ಯಾವ ಮೆಟ್ಟಿಲಿನಲ್ಲಿ ಜಾರಿದರೂ ಮತ್ತೆ ಕೆಳಗಿನಿಂದ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಈಜು ಬಂದ ಮೇಲೆ ನೀರಿಗಿಳಿ ಎಂದಂತೆ. ಗದ್ದಲದ ಶೆಲ್ಟರಿನಲ್ಲಿ, ಅಡುಗೆ ಮಾಡಲು ಬಿಡದ, ಬಾಗಿಲಿಗೆ ಬೀಗವಿಲ್ಲದ ಜಾಗದಲ್ಲಿ ಮನೆ ನಡೆಸುವುದನ್ನು ಕಲಿತು ತೋರಿಸಬೇಕು.

1992ರಲ್ಲಿ ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ‘ಪಾಥ್‌ವೇಸ್ ಟು ಹೌಸಿಂಗ್’ ಎಂಬ ಸಂಸ್ಥೆ ಶುರುಮಾಡಿ ಈ ಅನುಕ್ರಮವನ್ನು ತಲೆಕೆಳಗು ಮಾಡಿದರು. ಮೊದಲು ಮನೆ, ಷರತ್ತಿಲ್ಲದೆ. ಬೆಂಬಲ ಬೇಕಾದಷ್ಟು, ಬೇಕಾದ ಬಗೆಯಲ್ಲಿ, ಆದರೆ ಒತ್ತಾಯವಿಲ್ಲ. ಇದಕ್ಕೆ ‘ಹೌಸಿಂಗ್ ಫಸ್ಟ್’ ಎಂಬ ಹೆಸರು ನಿಂತಿತು. ಕೆನಡಾ 2009ರಲ್ಲಿ ಐದು ನಗರಗಳಲ್ಲಿ, ಮಾನಸಿಕ ಕಾಯಿಲೆಯಿದ್ದ ಎರಡು ಸಾವಿರಕ್ಕೂ ಹೆಚ್ಚು ಮನೆಯಿಲ್ಲದವರನ್ನು ಒಳಗೊಂಡು ಇದನ್ನು ದೊಡ್ಡದಾಗಿ ಪರೀಕ್ಷಿಸಲು ಹೊರಟಿತು. ಅಧ್ಯಯನದ ಕೊನೆಯ ಆರು ತಿಂಗಳಲ್ಲಿ ಒಂದು ದಿನವೂ ತಪ್ಪದೆ ಮನೆಯಲ್ಲೇ ಇದ್ದವರು ಹೌಸಿಂಗ್ ಫಸ್ಟ್ ಗುಂಪಿನಲ್ಲಿ ಶೇ. 62, ಎಂದಿನ ಸೇವೆಗಳ ಗುಂಪಿನಲ್ಲಿ ಶೇ. 31. ಫಿನ್ಲೆಂಡ್ 2008ರಿಂದ ಇದನ್ನು ರಾಷ್ಟ್ರೀಯ ನೀತಿಯಾಗಿ ತೆಗೆದುಕೊಂಡು, ಸಾಲುಹಾಸಿಗೆಯ ಶೆಲ್ಟರ್‌ಗಳನ್ನು ಬಾಡಿಗೆ ಕರಾರಿರುವ ಮನೆಗಳಾಗಿ ಮಾರ್ಪಡಿಸಿತು.

ಇಲ್ಲಿ ಎರಡು ಎಚ್ಚರಿಕೆ ಬೇಕು. ಹೌಸಿಂಗ್ ಫಸ್ಟ್ ಎಂದರೆ ಬೀಗದ ಕೈ ಕೊಟ್ಟು ಕೈತೊಳೆದುಕೊಳ್ಳುವುದಲ್ಲ; ನರ್ಸು, ಸಮಾಜ ಕಾರ್ಯಕರ್ತರು, ಅನುಭವಿ ಜೊತೆಗಾರರು ಇರುವ ತಂಡ ಅದರ ಅರ್ಧ ಜೀವ. ಖರ್ಚು ಉಳಿಸಲು ಆ ಅರ್ಧವನ್ನು ಕತ್ತರಿಸಿದ ಕಡೆ ಹೆಸರು ಮಾತ್ರ ಉಳಿಯುತ್ತದೆ. ಎರಡನೆಯದು, ಮನೆ ಉಳಿಸಿಕೊಳ್ಳುವುದರಲ್ಲಿ ಕಂಡಷ್ಟು ದೊಡ್ಡ ಅಂತರ ಕುಡಿತ, ಮಾದಕ ವಸ್ತು, ಮಾನಸಿಕ ಕಾಯಿಲೆಯ ಲಕ್ಷಣಗಳ ವಿಷಯದಲ್ಲಿ ಈ ಅಧ್ಯಯನಗಳಲ್ಲಿ ಕಂಡಿಲ್ಲ. ಮನೆ ಎಲ್ಲವನ್ನೂ ಗುಣಪಡಿಸುವುದಿಲ್ಲ. ಗುಣವಾಗುವ ಕೆಲಸ ನಿಧಾನವಾಗಿ ನಡೆಯಲು ಒಂದು ಜಾಗ ಕೊಡುತ್ತದೆ. ನನ್ನ ಮಟ್ಟಿಗೆ ಅಷ್ಟು ಸಾಕಾದ ಕಾರಣ.

ಎಷ್ಟು ದಿನ?

ಬೆಂಬಲ ಎಷ್ಟು ಕಾಲ ಇರಬೇಕು ಎನ್ನುವುದಕ್ಕೆ ಒಂದು ಒಳ್ಳೆಯ ಸುಳಿವು ಸಿಕ್ಕಿದ್ದು ನ್ಯೂಯಾರ್ಕಿನ ಫೋರ್ಟ್ ವಾಷಿಂಗ್ಟನ್ ಎಂಬಲ್ಲಿದ್ದ ಪುರುಷರ ದೊಡ್ಡ ಶೆಲ್ಟರಿನಲ್ಲಿ. ಅಲ್ಲಿಂದ ಮನೆ ಸಿಕ್ಕಿ ಹೋದವರು ಮತ್ತೆ ಮರಳುತ್ತಿದ್ದದ್ದನ್ನು ಅಲ್ಲಿನ ವೈದ್ಯರು, ಸಂಶೋಧಕರು ಗಮನಿಸಿದರು. ಶೆಲ್ಟರಿನಲ್ಲಿ ಒಡನಾಡಿದ ಸಿಬ್ಬಂದಿಯ ನಂಟು ಬಾಗಿಲು ದಾಟಿದ ಕೂಡಲೇ ಕಡಿದುಹೋಗುತ್ತಿತ್ತು, ಹೊಸ ಜಾಗದವರು ಇನ್ನೂ ಅಪರಿಚಿತರು. ಆ ನಡುವಿನ ಕಂದಕಕ್ಕೆ ಅವರು ಒಂಬತ್ತು ತಿಂಗಳ ಸೇತುವೆ ಕಟ್ಟಿದರು. ಪರಿಚಿತ ಕಾರ್ಯಕರ್ತರೊಬ್ಬರು ಮನೆಗೇ ಬರುತ್ತಾರೆ. ಮೊದಲ ಮೂರು ತಿಂಗಳು ಒತ್ತಾಸೆಯಾಗಿ, ನಂತರದ ಮೂರು ತಿಂಗಳು ಸ್ವಲ್ಪ ಹಿಂದೆ ನಿಂತು ನೋಡುತ್ತಾ, ಕೊನೆಯ ಮೂರು ತಿಂಗಳು ಹೊಣೆಯನ್ನು ಊರಿನ ಕ್ಲಿನಿಕ್ಕು, ಬಂಧುಗಳು, ನೆರೆಯವರ ಕೈಗೆ ದಾಟಿಸುತ್ತಾ. ಇದನ್ನು ‘ಕ್ರಿಟಿಕಲ್ ಟೈಮ್ ಇಂಟರ್ವೆನ್ಷನ್’ ಎನ್ನುತ್ತಾರೆ. 1997ರಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ 96 ಮಂದಿ ಇದ್ದರು. ಹದಿನೆಂಟು ತಿಂಗಳಲ್ಲಿ ಈ ನೆರವು ಪಡೆದವರು ಸರಾಸರಿ 30 ರಾತ್ರಿ ಮನೆಯಿಲ್ಲದೆ ಕಳೆದಿದ್ದರೆ, ಉಳಿದವರು 91 ರಾತ್ರಿ. ಒಂಬತ್ತು ತಿಂಗಳು ಕಳೆದು ನೆರವು ನಿಂತ ಮೇಲೂ ಅಂತರ ಉಳಿದಿತ್ತು ಎನ್ನುವುದು ಇದರ ಮುಖ್ಯ ಸಂಗತಿ.

ಕಾರ್ಯಕ್ರಮಗಳು ವರದಿಯಲ್ಲಿ ಎಷ್ಟು ತರಗತಿ ನಡೆದವು, ಎಷ್ಟು ಪ್ರಮಾಣಪತ್ರ ಹಂಚಿದೆವು ಎಂದು ಬರೆಯುತ್ತವೆ, ಎಣಿಸಲು ಅದು ಸುಲಭ. ಮನೆಗಳಿಗೆ ಹೋಗುವವರು ನೋಡುವುದು ಬೇರೆ. ಮೊದಲ ತಿಂಗಳುಗಳಲ್ಲಿ ಫೋನ್ ಬರುವುದು ಎಲ್ಲ ಕೆಟ್ಟ ಮೇಲೆ: ಕರೆಂಟ್ ಕಡಿತವಾಗಿದೆ, ಮಾಲೀಕರು ಬಾಗಿಲಲ್ಲಿ ನಿಂತಿದ್ದಾರೆ. ಕೆಲವು ತಿಂಗಳಾದ ಮೇಲೆ ಒಂದು ದಿನ ‘ಈ ಸಲ ಹಣ ಬರುವುದು ಎರಡು ದಿನ ತಡವಂತೆ, ಬಾಡಿಗೆಗೆ ಏನು ಹೇಳಲಿ?’ ಎಂದು ಮುಂಚೆಯೇ ಫೋನ್ ಬರುತ್ತದೆ. ಇನ್ನೂ ಸ್ವಲ್ಪ ದಿನಕ್ಕೆ ‘ಹೀಗಾಯಿತು, ಹೀಗೆ ಹೇಳಿದೆ, ಅವರು ಒಪ್ಪಿದರು’ ಎಂದು. ಭೇಟಿಗಳ ನಡುವಿನ ಅಂತರ ಹೆಚ್ಚಿಸಬಹುದು ಎಂದು ತಿಳಿಯುವುದು ಆಗ. ಅಷ್ಟಾದರೂ ಕಡತವನ್ನು ಪೂರ್ತಿ ಮುಚ್ಚಬಾರದು. ಎರಡು ವರ್ಷದ ನಂತರ ಕೆಲಸ ಹೋಗಬಹುದು, ಹತ್ತಿರದವರು ತೀರಿಕೊಳ್ಳಬಹುದು, ಬಿಟ್ಟ ಕುಡಿತ ಮರಳಬಹುದು. ಅಂದು ಹೊಸ ಅರ್ಜಿ ತುಂಬದೆ, ಮತ್ತೆ ಸಾಲಿನಲ್ಲಿ ನಿಲ್ಲದೆ, ಅದೇ ಸಂಖ್ಯೆಗೆ ಫೋನ್ ಮಾಡಿದರೆ ಹೆಸರು ಗುರುತಿಸುವ ಒಂದು ದನಿ ಆ ಕಡೆ ಇರುವಂತೆ ಮೊದಲ ದಿನವೇ ವ್ಯವಸ್ಥೆಯಾಗಿರಬೇಕು.